ಅಮ್ಮ ಇಲ್ಲದ ಮನೆಯಲ್ಲಿ ತಂಗಿಯ ಬಾಣಂತನ

ಪ್ರಶ್ನೆ: ನಮಸ್ತೆ ಸಿಸ್ಟರ್. ನನಗೆ 37 ವರ್ಷ, ತುಮಕೂರಿನಲ್ಲಿ ಪ್ರೈಮರಿ ಸ್ಕೂಲ್ ಟೀಚರ್. ನನ್ನ ತಂಗಿಗೆ ಏಳು ತಿಂಗಳು ತುಂಬಿದೆ, ಚೊಚ್ಚಲ ಹೆರಿಗೆ. ಅಮ್ಮ ತೀರಿಕೊಂಡು ಎರಡು ವರ್ಷ ಆಯಿತು. ಬಾಣಂತನ ನಮ್ಮ ಮನೆಯಲ್ಲೇ ಆಗಲಿ ಅಂತ ನಾನೇ ಹೇಳಿಬಿಟ್ಟಿದ್ದೇನೆ. ಈಗ ಭಯ ಆಗುತ್ತಿದೆ. ನನಗೆ ಮಕ್ಕಳಿಲ್ಲ, ಹಸುಗೂಸನ್ನು ಸರಿಯಾಗಿ ಎತ್ತಿಕೊಂಡು ಗೊತ್ತಿಲ್ಲ. ಮಕ್ಕಳಾಗದವಳು ಬಾಣಂತನ ಮಾಡಬಾರದು ಅಂತ ಸಂಬಂಧಿಕರೊಬ್ಬರು ನನ್ನ ಮುಂದೆಯೇ ಹೇಳಿದರು. ತಂಗಿಯ ಅತ್ತೆ ಹದಿನೈದು ದಿನ ಬಂದು ಇರುತ್ತಾರೆ. ಒಳ್ಳೆಯವರು, ಆದರೆ ನೀರು ಜಾಸ್ತಿ ಕೊಡಬಾರದು, ಕಿಟಕಿ ತೆಗೆಯಬಾರದು ಅನ್ನುವವರು. ತಂಗಿಯ ಗಂಡ ಬೆಂಗಳೂರಿನಲ್ಲಿ ಕೆಲಸ, ಶನಿವಾರ ಬರುತ್ತಾರೆ. ಸ್ಕೂಲಿನ ಇಬ್ಬರು ಗೆಳತಿಯರು, ಮಹಡಿ ಮನೆಯ ಆಂಟಿ, ಗುಬ್ಬಿಯಲ್ಲಿರುವ ಚಿಕ್ಕಮ್ಮ ಎಲ್ಲರೂ ಏನು ಬೇಕು ಹೇಳು ಅಂತಾರೆ, ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಅಮ್ಮ ಅಂಟಿನುಂಡೆ ಮಾಡುತ್ತಿದ್ದರು. ಅದನ್ನೂ ಕಲಿತುಕೊಳ್ಳಲಿಲ್ಲ.

ಉತ್ತರ: ಮೊದಲು ಆ ಮಕ್ಕಳಿಲ್ಲದವಳು ಅನ್ನುವ ಮಾತನ್ನು ತೆಗೆದು ಆಚೆ ಇಡೋಣ. ನಾನು 34 ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಕೆಲಸಕ್ಕೆ ಸೇರಿದಾಗ ನನಗೆ 22 ವರ್ಷ, ಮದುವೆಯೇ ಆಗಿರಲಿಲ್ಲ. ಹೆರಿಗೆ ಮಾಡಿಸುವುದು, ಮಗುವಿಗೆ ಹಾಲು ಹಿಡಿಸುವುದು, ಎರಡನ್ನೂ ನನಗೆ ಕಲಿಸಿದವರು ಒಬ್ಬ ಕ್ರೈಸ್ತ ಸನ್ಯಾಸಿನಿ. ಅವರ ಕೈಯಲ್ಲಿ ಎಷ್ಟು ಮಕ್ಕಳು ಹುಟ್ಟಿದವು ಅಂತ ಅವರೇ ಲೆಕ್ಕ ಇಟ್ಟಿರಲಿಲ್ಲ. ನೋವು ತಿನ್ನುತ್ತಿದ್ದ ಒಬ್ಬ ಹೆಂಗಸೂ ಅವರ ಕೈ ಬೇಡ ಅಂದಿದ್ದನ್ನು ನಾನು ನೋಡಿಲ್ಲ, ಬದಲಿಗೆ ಆ ಕೈಯನ್ನು ಬಿಡದೆ ಹಿಡಿದುಕೊಂಡಿದ್ದವರನ್ನು ನೋಡಿದ್ದೇನೆ. ಬಾಣಂತನ ಮಾಡುವವರಿಗೆ ರಾತ್ರಿ ಎರಡು ಗಂಟೆಗೆ ಏಳುವ ಮನಸ್ಸು ಇರಬೇಕು, ಕೈ ತೊಳೆದಿರಬೇಕು, ಮಾತು ಸಿಡುಕಿನದಾಗಿರಬಾರದು. ಉಳಿದದ್ದೆಲ್ಲ ಒಂದು ವಾರದಲ್ಲಿ ಬರುತ್ತದೆ. ಆ ಸಂಬಂಧಿಕರಿಗೆ ನೀವು ಉತ್ತರ ಕೊಡಬೇಡಿ. ನಿಮ್ಮ ತಂಗಿ ಕೊಡಲಿ. "ನನಗೆ ಅಕ್ಕನೇ ಬೇಕು" ಅಂತ ಅವಳು ಒಂದು ಸಲ ಎಲ್ಲರ ಮುಂದೆ ಹೇಳಿದರೆ ಸಾಕು, ಮುಗಿಯುತ್ತದೆ.

ನಿಮ್ಮ ಭಯಕ್ಕೆ ನಿಜವಾದ ಕಾರಣ ಬೇರೆ ಇದೆ ಅಂತ ನನಗೆ ಅನ್ನಿಸುತ್ತದೆ. ಇಡೀ ಬಾಣಂತನ ನೀವೊಬ್ಬರೇ ಹೊರಬೇಕು ಅಂದುಕೊಂಡಿದ್ದೀರಿ. ಹಿಂದೆ ಯಾರೂ ಒಬ್ಬರೇ ಮಾಡಿದ್ದಿಲ್ಲ. ನಿಮ್ಮ ಅಮ್ಮ ನಿಮ್ಮನ್ನು ಹೆತ್ತಾಗ ಹಂಡೆಗೆ ಉರಿ ಹಾಕಲು ಒಬ್ಬರು, ಬಟ್ಟೆ ಒಗೆಯಲು ಒಬ್ಬರು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ನೀರು ಹಾಕಲು ಒಬ್ಬರು ಇದ್ದರು. ಮೆಣಸಿನ ಸಾರು ಕುದಿಸುವ ಅಜ್ಜಿ ಒಳಗೆ, ಬಂದವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸುವ ದೊಡ್ಡಮ್ಮ ಹೊರಗೆ. ಹಳ್ಳಿಗಳಲ್ಲಿ ಸೂಲಗಿತ್ತಿಯ ಕೆಲಸ ಹೊಕ್ಕುಳು ಬಳ್ಳಿ ಕತ್ತರಿಸಿದ ಕೂಡಲೇ ಮುಗಿಯುತ್ತಿರಲಿಲ್ಲ, ತಾಯಿಗೂ ಮಗುವಿಗೂ ನೀರು ಹಾಕಲು ಆಮೇಲೂ ಬರುತ್ತಿದ್ದರು. ನಿಮ್ಮ ಜಿಲ್ಲೆಯವರೇ, ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ, 15,000ಕ್ಕೂ ಜಾಸ್ತಿ ಹೆರಿಗೆ ಮಾಡಿಸಿದವರು, ದುಡ್ಡು ಕೇಳದೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥವರು ಇದ್ದ ಊರಿನಲ್ಲಿ ಬಾಣಂತನ ಅಂದರೆ ಬೀದಿಯ ಕೆಲಸವಾಗಿತ್ತು. ಈಗ ಅದೆಲ್ಲ ಬಂದು ಒಬ್ಬ ತಾಯಿಯ ತಲೆ ಮೇಲೆ ಕೂತಿದೆ, ಆ ತಾಯಿಯೂ ಇಲ್ಲದಿದ್ದರೆ ಅಕ್ಕನ ತಲೆ ಮೇಲೆ. ಹಾಗಾಗಿ ಕೆಲಸವನ್ನು ಹಂಚಿ. ನಿಮ್ಮ ಪ್ರಶ್ನೆಯಲ್ಲೇ ಐದು ಹೆಂಗಸರು, ಒಬ್ಬ ಗಂಡಸು ಇದ್ದಾರೆ. ಇಷ್ಟು ಜನ ಎಷ್ಟೋ ಮನೆಗಳಲ್ಲಿ ಇರುವುದಿಲ್ಲ.

ಆಸ್ಪತ್ರೆಯಿಂದ ಶುರು ಮಾಡುತ್ತೇನೆ. ಹೆರಿಗೆ ಆದ ಒಂದು ಗಂಟೆಯೊಳಗೆ ಮಗು ಎದೆಗೆ ಬರಬೇಕು. ಸಿಸೇರಿಯನ್ ಆದರೂ ತಾಯಿಗೆ ಎಚ್ಚರ ಇದ್ದರೆ ಹಾಲು ಹಿಡಿಸಬಹುದು, ಸ್ವಲ್ಪ ಕೈ ಸಹಾಯ ಬೇಕು ಅಷ್ಟೇ, ಅಲ್ಲಿ ನೀವು ಇರುತ್ತೀರಿ. ಮೊದಲ ಎರಡು ಮೂರು ದಿನ ಬರುವುದು ಮಂದವಾದ ಹಳದಿ ಹಾಲು, ಚಮಚದ ಲೆಕ್ಕದಲ್ಲಿ ಬರುತ್ತದೆ, ಅದೇ ಸಾಕು. ಮಗುವಿನ ಹೊಟ್ಟೆಯೂ ಅಷ್ಟೇ ಚಿಕ್ಕದು. ಜೇನುತುಪ್ಪ, ಸಕ್ಕರೆ ನೀರು, ಬಜೆ ತೇಯ್ದು ನೆಕ್ಕಿಸುವುದು ಯಾವುದೂ ಬೇಡ. ಜೇನುತುಪ್ಪವಂತೂ ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ, ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಮಗುವಿನ ನರಗಳನ್ನೇ ಸೋಲಿಸಿಬಿಡುತ್ತದೆ. ಆರು ತಿಂಗಳು ಬರೀ ಎದೆಹಾಲು, ನೀರೂ ಬೇಡ.

ಹಾಲು ಹಿಡಿಸುವುದನ್ನು ಈಗಲೇ ಕಣ್ಣ ಮುಂದೆ ತಂದುಕೊಳ್ಳಿ, ಯಾಕೆಂದರೆ ಮೊದಲ ವಾರ ಅಳು ಬರಿಸುವುದು ಜಾಸ್ತಿ ಇದೇ. ತಂಗಿಯ ಬೆನ್ನಿಗೆ ದಿಂಬು ಇಡಿ. ಅವಳು ಮಗುವಿನ ಕಡೆ ಬಗ್ಗಬಾರದು, ಮಗು ಅವಳ ಹತ್ತಿರ ಬರಬೇಕು. ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಿರಲಿ, ತಲೆ ಮತ್ತು ಬೆನ್ನು ಒಂದೇ ಗೆರೆಯಲ್ಲಿರಲಿ. ಮೊಲೆತೊಟ್ಟನ್ನು ಮಗುವಿನ ಮೇಲ್ದುಟಿಗೆ ಸವರಿ, ಕಾಯಿರಿ. ಆಕಳಿಸುವ ಹಾಗೆ ಬಾಯಿ ಅಗಲ ತೆರೆಯುತ್ತದೆ. ಆ ಕ್ಷಣಕ್ಕೆ ಮಗುವನ್ನು ಎದೆಗೆ ಒತ್ತಿ ತರಬೇಕು. ತೊಟ್ಟು ಮಾತ್ರ ಬಾಯಿಗೆ ಹೋದರೆ ಗಾಯ ಆಗುತ್ತದೆ. ಸುತ್ತಲಿನ ಕಪ್ಪು ಭಾಗವೂ, ಅದರಲ್ಲೂ ಕೆಳಗಡೆಯದು, ಒಳಗೆ ಹೋಗಬೇಕು. ಗದ್ದ ಎದೆಗೆ ತಾಗಿದೆಯಾ, ಕೆಳತುಟಿ ಹೊರಗೆ ಮಡಚಿಕೊಂಡಿದೆಯಾ ನೋಡಿ. ಸಿಸೇರಿಯನ್ ಆಗಿ ಹೊಟ್ಟೆ ಮೇಲೆ ಮಗು ಇಟ್ಟುಕೊಳ್ಳಲು ನೋವಾದರೆ ಸೊಂಟದಲ್ಲಿ ಕೊಡ ಹಿಡಿದ ಹಾಗೆ ಮಗುವನ್ನು ಪಕ್ಕಕ್ಕೆ, ಕಂಕುಳ ಕೆಳಗೆ ಹಿಡಿಯಬಹುದು. ನಮ್ಮ ಹೆಂಗಸರಿಗೆ ಇದನ್ನು ಕೊಡದ ಹೆಸರು ಹೇಳಿ ತೋರಿಸಿದರೆ ಒಂದೇ ಸಲಕ್ಕೆ ಬಂದುಬಿಡುತ್ತಿತ್ತು.

ಮಗು ತೂಕ ಕಡಿಮೆ ಹುಟ್ಟಿದರೆ, ಅಂದರೆ ಎರಡೂವರೆ ಕೆಜಿಗಿಂತ ಕಡಿಮೆ ಇದ್ದರೆ, ಕಾಂಗರೂ ಆರೈಕೆ ಮಾಡಿ ಅಂತ ಡಾಕ್ಟರ್ ಹೇಳಬಹುದು. ಬರೀ ಡೈಪರ್, ಟೋಪಿ ಹಾಕಿದ ಮಗುವನ್ನು ಬರಿಯ ಎದೆಗೆ ಅಂಟಿಸಿಕೊಂಡು ಮೇಲೆ ಬಟ್ಟೆ ಸುತ್ತಿಕೊಳ್ಳುವುದು. ಮೈಯ ಬಿಸಿಯೇ ಮಗುವಿಗೆ ಆಸ್ಪತ್ರೆಯ ಇನ್‌ಕ್ಯುಬೇಟರ್ ಪೆಟ್ಟಿಗೆಯ ಬಿಸಿ ಇದ್ದ ಹಾಗೆ. ಕೊಲಂಬಿಯಾ ದೇಶದ ಬೊಗೋಟಾದಲ್ಲಿ 1970ರ ದಶಕದ ಕೊನೆಗೆ ಶುರುವಾದ ಪದ್ಧತಿ, ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಆಸ್ಪತ್ರೆಯಿಂದ ಹಿಡಿದು ಮನೆಯವರೆಗೆ ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದ್ದಾರೆ. ಇದನ್ನು ನಿಮಗೆ ಯಾಕೆ ಬರೆಯುತ್ತಿದ್ದೇನೆ ಅಂದರೆ, ಇದನ್ನು ತಾಯಿಯೇ ಮಾಡಬೇಕು ಅಂತಿಲ್ಲ. ತಾಯಿ ಮಲಗಿರುವಾಗ ಅಪ್ಪ ಮಾಡಬಹುದು, ಅಜ್ಜಿ ಮಾಡಬಹುದು, ದೊಡ್ಡಮ್ಮನೂ ಮಾಡಬಹುದು. ಹುಟ್ಟುವ ಮಗುವಿಗೆ ನೀವು ದೊಡ್ಡಮ್ಮ ಅಲ್ವಾ.

ಮನೆಗೆ ಬಂದ ಮೇಲೆ ಒಂದು ಮಾತನ್ನು ನೀವು ಬಾಗಿಲಲ್ಲೇ ತಡೆಯಬೇಕು. "ಹಾಲು ಸಾಲುತ್ತಿಲ್ಲ ಅನ್ಸುತ್ತೆ, ಮಗು ಅಳ್ತಾನೇ ಇದೆ." ನೋಡಲು ಬಂದವರು ಸುಮ್ನೆ ಅಂದು ಹೋಗುತ್ತಾರೆ, ಕೆಟ್ಟ ಮನಸ್ಸಿನಿಂದ ಅಲ್ಲ. ಆದರೆ ನಾನು ನೋಡಿದ ಹಾಗೆ ಎಷ್ಟೋ ತಾಯಂದಿರು ಡಬ್ಬದ ಹಾಲಿಗೆ ಹೋಗಿದ್ದು ಈ ಒಂದು ಮಾತಿನಿಂದ. ಡಬ್ಬದ ಹಾಲು ಕೊಟ್ಟಷ್ಟೂ ಮಗು ಎದೆ ಚೀಪುವುದು ಕಡಿಮೆಯಾಗುತ್ತದೆ, ಚೀಪುವುದು ಕಡಿಮೆಯಾದಷ್ಟೂ ಹಾಲು ಇಳಿಯುತ್ತದೆ, ಆಗ ಆ ಮಾತು ನಿಜವಾಗಿಬಿಡುತ್ತದೆ. ಸಾಲುತ್ತಿದೆಯಾ ಅಂತ ತಿಳಿಯಲು ಬಟ್ಟೆ ನೋಡಿ. ಆರನೇ ದಿನದ ಹೊತ್ತಿಗೆ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಮಾಡಬೇಕು, ಮೊದಲಿನ ಕಪ್ಪು ಕಕ್ಕ ಹೋಗಿ ಹಳದಿಯಾಗಿರಬೇಕು. ತೂಕ ಮೊದಲ ವಾರ ಸ್ವಲ್ಪ ಇಳಿಯುವುದು ಸಹಜ, ಎರಡು ವಾರದಲ್ಲಿ ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು. ಇಷ್ಟು ಆಗುತ್ತಿದ್ದರೆ ಹಾಲು ಸಾಲುತ್ತಿದೆ, ಯಾರು ಏನೇ ಅನ್ನಲಿ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕೇಳುವುದು ಮಗುವಿನ ಹಕ್ಕು. ಮೂರು ನಾಲ್ಕನೇ ದಿನ ಎದೆ ಕಲ್ಲಿನ ಹಾಗೆ ಗಟ್ಟಿಯಾಗಬಹುದು. ಹಾಲು ಕೊಡುವ ಮುಂಚೆ ಬಿಸಿ ನೀರಲ್ಲಿ ಹಿಂಡಿದ ಬಟ್ಟೆ, ಕೊಟ್ಟ ಮೇಲೆ ತಣ್ಣನೆ ಬಟ್ಟೆ ಇಡಿ. ಕೈಯಿಂದ ಸ್ವಲ್ಪ ಹಾಲು ಹಿಂಡಿ ತೆಗೆದರೆ ಮೆತ್ತಗಾಗಿ ಮಗುವಿಗೆ ಹಿಡಿಯಲು ಆಗುತ್ತದೆ.

ಇನ್ನು ನೀರಿನ ವಿಷಯ. ಇಲ್ಲಿ ನಾನು ಮೆತ್ತಗೆ ಮಾತಾಡುವುದಿಲ್ಲ. ಬಾಣಂತಿಗೆ ನೀರು ಕಡಿಮೆ ಮಾಡಲೇಬಾರದು. ಸುಮಾರು ವರ್ಷಗಳ ಹಿಂದೆ ಒಬ್ಬ ಹುಡುಗಿಯನ್ನು ಹೆರಿಗೆಯಾದ ಹನ್ನೊಂದನೇ ದಿನ ನಮ್ಮ ವಾರ್ಡಿಗೆ ಎತ್ತಿಕೊಂಡು ಬಂದರು. 21 ವರ್ಷ. ಮೂರು ದಿನದಿಂದ ತಲೆನೋವು ಅಂತಿದ್ದಳಂತೆ, ಶೀತ ಆಗಿದೆ ಅಂತ ಕಿವಿಗೆ ಇನ್ನಷ್ಟು ಹತ್ತಿ ಇಟ್ಟು ಸ್ಕಾರ್ಫ್ ಬಿಗಿದಿದ್ದರು. ಆಮೇಲೆ ಫಿಟ್ಸ್ ಬಂದಿದೆ. ತುಟಿ ಒಡೆದು ರಕ್ತ ಬಂದಿತ್ತು, ನಾಲಿಗೆ ಒಣಗಿ ಬಾಯಿಗೆ ಅಂಟಿಕೊಂಡಿತ್ತು. ಹೆರಿಗೆಯಾದಾಗಿನಿಂದ ದಿನಕ್ಕೆ ಎರಡು ಲೋಟ ಬಿಸಿ ನೀರು ಮಾತ್ರ ಕೊಡುತ್ತಿದ್ದೆವು ಅಂತ ಅವಳ ಅಮ್ಮ ಹೇಳಿದರು, ತುಂಬಾ ಪ್ರೀತಿಯಿಂದ ಪತ್ಯ ಮಾಡಿಸಿದ್ದರು ಅವರು. ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಹೆರಿಗೆಯಾದ ಮೇಲೆ ಆರು ವಾರ ಹೆಂಗಸರ ರಕ್ತ ಬೇಗ ಹೆಪ್ಪುಗಟ್ಟುವ ಸ್ಥಿತಿಯಲ್ಲೇ ಇರುತ್ತದೆ. ನೀರೂ ಕಡಿಮೆಯಾದರೆ ಇನ್ನೂ ಗಟ್ಟಿ. ಅದರ ಮೇಲೆ ಎದ್ದು ಓಡಾಡಬೇಡ ಅಂದರೆ ಕಾಲಿನಲ್ಲೂ ಕಟ್ಟಬಹುದು. ಆ ಹುಡುಗಿ ಬದುಕಿದಳು, ಎಡಗೈ ಮೊದಲಿನ ಹಾಗೆ ಬರಲು ತಿಂಗಳುಗಳು ಹಿಡಿದವು, ಅಷ್ಟು ದಿನ ಮಗುವನ್ನು ಆ ಕೈಯಲ್ಲಿ ಎತ್ತಿಕೊಳ್ಳಲು ಅವಳಿಗೆ ಆಗಲಿಲ್ಲ.

ಹಾಗಾಗಿ ದಿನಕ್ಕೆ ಎರಡೂವರೆ ಮೂರು ಲೀಟರ್ ನೀರು ಹೋಗಲಿ. ಲೆಕ್ಕ ಇಡುವುದು ಕಷ್ಟ ಅನ್ನಿಸಿದರೆ ಮಗು ಎದೆಗೆ ಬಂದಾಗಲೆಲ್ಲ ಒಂದು ಲೋಟ ನೀವು ಅವಳ ಕೈಗೆ ಕೊಡಿ. ಬಿಸಿ ನೀರು ಇಷ್ಟ ಅಂದರೆ ಬಿಸಿ ನೀರೇ ಇರಲಿ, ಜೀರಿಗೆ ಹಾಕಿ ಕುದಿಸಿದ್ದೂ ಆಗುತ್ತದೆ. ಇದನ್ನು ಅವಳ ಅತ್ತೆಗೆ ನೀವು ಹೇಳಲು ಹೋಗಬೇಡಿ. ಅವರು ದೊಡ್ಡವರು, ಅವರ ಅನುಭವವನ್ನು ನೀವು ತಪ್ಪು ಅಂದ ಹಾಗಾಗುತ್ತದೆ, ಮನೆಯಲ್ಲಿ ಸುಮ್ನೆ ಬಿಗುವಾಗುತ್ತದೆ. ಡಿಸ್ಚಾರ್ಜ್ ದಿನ ಅವರನ್ನೂ ಕರೆದುಕೊಂಡು ಹೋಗಿ ಡಾಕ್ಟರ ಮುಂದೆ ಕೂರಿಸಿ. "ಎಷ್ಟು ನೀರು ಕೊಡಬೇಕು, ಏನೇನು ತಿನ್ನಬಹುದು, ಅತ್ತೆಯವರಿಗೂ ಹೇಳಿ ಮೇಡಂ" ಅಂತ ನೀವೇ ಕೇಳಿ. ಆಮೇಲೆ ಅವರಿಗೆ ಚೆನ್ನಾಗಿ ಬರುವ ಕೆಲಸವನ್ನು ಪೂರ್ತಿ ಅವರಿಗೇ ಬಿಡಿ. ತಂಗಿಯ ಕಾಲಿಗೆ, ಬೆನ್ನಿಗೆ ಎಣ್ಣೆ ತಿಕ್ಕುವುದು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ನೀರು ಹಾಕುವುದು, ಜೋಗುಳ. ಇವುಗಳಲ್ಲಿ ಅವರನ್ನು ಮೀರಿಸುವವರು ಯಾವ ಆಸ್ಪತ್ರೆಯಲ್ಲೂ ಇಲ್ಲ, ಇದು ನಾನು ಮನಸಾರೆ ಹೇಳುವ ಮಾತು. ಎಣ್ಣೆ ಮಗುವಿನ ಮೂಗಿಗೆ, ಕಿವಿಗೆ ಬಿಡಬಾರದು, ಹೊಕ್ಕುಳಿಗೆ ಏನೂ ಹಚ್ಚಬಾರದು, ಒಣಗಿ ತಾನೇ ಬೀಳಲಿ. ಕಣ್ಣಿಗೆ ಕಾಡಿಗೆಯೂ ಬೇಡ. ತಂಗಿಗೆ ಹೊಲಿಗೆ ಇದ್ದರೆ ಹೊಟ್ಟೆ ಮೇಲೆ ಬಿಸಿ ನೀರು ಎರಚುವುದು ಬೇಡ, ಹೊಟ್ಟೆಗೆ ಸೀರೆ ಬಿಗಿಯಾಗಿ ಸುತ್ತುವುದೂ ಬೇಡ.

ಕಿಟಕಿ ತೆಗೆಯಿರಿ. ಗಾಳಿ ನೇರವಾಗಿ ಮಗುವಿನ ಮೇಲೆ ಬೀಸದ ಹಾಗೆ ಪರದೆ ಹಾಕಿದರೆ ಸಾಕು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟು ಸಾಂಬ್ರಾಣಿ ಹೊಗೆ ಹಾಕುವುದನ್ನು ಮಾತ್ರ ಬಿಡಿಸಲೇಬೇಕು. ಕೆಂಡದಿಂದ ಬರುವ ಇಂಗಾಲದ ಮಾನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಅತ್ತೆಗೆ ಸಾಂಬ್ರಾಣಿ ಇಲ್ಲದೆ ಸಮಾಧಾನ ಆಗದಿದ್ದರೆ ವರಾಂಡದಲ್ಲಿ ಹಾಕಲಿ, ತಾಯಿ ಮಗು ಒಳಗಿರಲಿ.

ಊಟ ನಮ್ಮಲ್ಲಿ ಮೂಲದಲ್ಲಿ ಚೆನ್ನಾಗಿಯೇ ಇದೆ. ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಮೆಣಸಿನ ಸಾರು, ತುಪ್ಪ ಎಲ್ಲ ಕೊಡಿ. ಕೆಟ್ಟದ್ದು ಪತ್ಯದ ಹೆಸರಲ್ಲಿ ಬೇಡ ಅನ್ನುವ ಪಟ್ಟಿ. ಹಾಲು ಕೊಡುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಜಾಸ್ತಿ ಬೇಕು, ಅಂದರೆ ಹೆಚ್ಚುಕಡಿಮೆ ಇನ್ನೊಂದು ಹೊತ್ತಿನ ಊಟವೇ. ಅಂಥ ಹೊತ್ತಿನಲ್ಲಿ ಮೊಸರು ಬೇಡ, ಬೇಳೆ ಬೇಡ, ಹಣ್ಣು ಬೇಡ, ಬರೀ ಅನ್ನ ಸಾರು ಅಂದರೆ ಹೇಗೆ? ತಾಯಿ ಮೊಸರು ತಿಂದರೆ ಮಗುವಿಗೆ ಶೀತ ಆಗುವುದಿಲ್ಲ. ರಾಗಿ, ಬೇಳೆ, ಸೊಪ್ಪು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಹಣ್ಣು ಎಲ್ಲ ಇರಲಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಹೆರಿಗೆ ಆದ ಮೇಲೂ 180 ದಿನ. ಇದನ್ನು ಎಲ್ಲರೂ ಮರೆಯುತ್ತಾರೆ, ನೀವು ಮರೆಯಬೇಡಿ. ಎರಡನ್ನೂ ಒಟ್ಟಿಗೆ ಕೊಡಬೇಡಿ, ಒಂದು ಬೆಳಗ್ಗೆ ಒಂದು ರಾತ್ರಿ ಆಗಲಿ.

ಈಗ ರಾತ್ರಿ. ನನ್ನ ಪ್ರಕಾರ ಇಡೀ ಬಾಣಂತನ ನಿಲ್ಲುವುದು ರಾತ್ರಿಯ ಮೇಲೆ. ಹಗಲು ಹತ್ತು ಜನ ಮಗು ಎತ್ತಿಕೊಳ್ಳುತ್ತಾರೆ, ರಾತ್ರಿ ಬಾಣಂತಿ ಒಬ್ಬಳೇ ಕೂತಿರುತ್ತಾಳೆ. ನೀವು ಆ ಕೋಣೆಯಲ್ಲೇ ಹಾಸಿಗೆ ಹಾಕಿಕೊಳ್ಳಿ. ಮಗು ಎಚ್ಚರವಾದ ಕೂಡಲೇ ನೀವು ಎದ್ದು ಬಟ್ಟೆ ಬದಲಾಯಿಸಿ ತಂಗಿಯ ಪಕ್ಕಕ್ಕೆ ಕೊಡಿ. ಅವಳು ಮಲಗಿಕೊಂಡೇ ಹಾಲು ಕೊಡಲಿ, ಕುಡಿದಾದ ಮೇಲೆ ಮಗುವನ್ನು ನೀವು ಎತ್ತಿಕೊಳ್ಳಿ, ಭುಜಕ್ಕೆ ಹಾಕಿ ಬೆನ್ನು ತಟ್ಟಿ ತೇಗು ಬರಿಸಿ, ಅಂಗಾತ ಮಲಗಿಸಿ. ಅವಳು ಎದ್ದು ಕೂರಬೇಕಾಗಿಲ್ಲ, ದೀಪ ಹಾಕಬೇಕಾಗಿಲ್ಲ, ಆ ಬಟ್ಟೆ ಎಲ್ಲಿದೆ ಅಂತ ಹುಡುಕಬೇಕಾಗಿಲ್ಲ. ಕೇಳಿದರೆ ಚಿಕ್ಕ ಕೆಲಸ. ಆದರೆ ಒಂದು ರಾತ್ರಿಗೆ ಮೂರು ನಾಲ್ಕು ಸಲ ಅವಳಿಗೆ ಅರ್ಧ ಅರ್ಧ ಗಂಟೆ ನಿದ್ದೆ ಉಳಿಯುತ್ತದೆ. ನಿಮ್ಮ ತಂಗಿಯ ಗಂಡ ಶನಿವಾರ ಬಂದರೆ ಆ ಎರಡು ರಾತ್ರಿ ಈ ಕೆಲಸ ಅವರದು. ಗಂಡಸಿಗೆ ಏನು ಬರುತ್ತೆ ಅನ್ನಬೇಡಿ, ತೇಗು ಬರಿಸಲು ಅಪ್ಪನ ಭುಜಕ್ಕಿಂತ ಒಳ್ಳೆಯ ಜಾಗ ಇಲ್ಲ. ಆ ಎರಡು ರಾತ್ರಿ ನೀವು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿ.

ಗೆಳತಿಯರಿಗೆ ಏನು ಹೇಳಬೇಕು ಅಂತ ಕೇಳಿದ್ದೀರಿ. "ಏನು ಬೇಕು ಹೇಳು" ಅಂದಾಗ ನಾವು "ಏನೂ ಬೇಡ" ಅಂದುಬಿಡುತ್ತೇವೆ, ಅದು ನಮ್ಮ ಬಾಯಿಪಾಠ. ಈ ಸಲ ದಿನ, ಹೊತ್ತು ಸಮೇತ ಕೇಳಿ. ಒಬ್ಬ ಗೆಳತಿ ಮಂಗಳವಾರ, ಇನ್ನೊಬ್ಬರು ಗುರುವಾರ ಸ್ಕೂಲಿನಿಂದ ಬರುವಾಗ ಪಲ್ಯ ಸಾರು ಡಬ್ಬಿಯಲ್ಲಿ ತರಲಿ. ಮಹಡಿ ಮನೆ ಆಂಟಿ ದಿನಾ ಹನ್ನೊಂದರಿಂದ ಒಂದರವರೆಗೆ ಮಗುವಿನ ಹತ್ತಿರ ಕೂರಲಿ, ಆ ಎರಡು ಗಂಟೆ ತಂಗಿ ಮಲಗಲಿ. ಆಂಟಿ ಬಂದಾಗ ತಂಗಿ ಎದ್ದು ಕೂತು ಮಾತಾಡಿಸಬೇಕು ಅನ್ನುವ ಶಿಷ್ಟಾಚಾರ ಬೇಡ, ಇದನ್ನು ಮೊದಲೇ ಹೇಳಿಬಿಡಿ. ಚಿಕ್ಕಮ್ಮ ಹದಿನೈದು ದಿನ ಆದ ಮೇಲೆ ಬರಲಿ, ಅತ್ತೆ ಹೊರಟ ದಿನ. ಎಲ್ಲರೂ ಮೊದಲ ವಾರ ಬಂದುಬಿಡುತ್ತಾರೆ, ನಾಮಕರಣ ಮುಗಿದ ಮೇಲೆ ಯಾರೂ ಇರುವುದಿಲ್ಲ, ಮೂರನೇ ವಾರ ಬಾಣಂತಿ ಕುಸಿಯುತ್ತಾಳೆ. ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಜ್ವರ, ಕೆಮ್ಮು, ನೆಗಡಿ ಇರುವವರು ಯಾರೇ ಆಗಲಿ ಬರಬೇಡಿ ಅಂತ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿಬಿಡಿ.

ಹೆಂಗಸರು ಹೀಗೆ ಕೂಡಿದರೆ ಏನಾಗುತ್ತದೆ ಅನ್ನುವುದಕ್ಕೆ ದೊಡ್ಡ ಸಾಕ್ಷಿಯೇ ಇದೆ. ಜಾರ್ಖಂಡ್, ಒಡಿಶಾದ ಆದಿವಾಸಿ ಹಳ್ಳಿಗಳಲ್ಲಿ ಏಕಜುಟ್ ಅನ್ನುವ ಸಂಸ್ಥೆ 2005ರಿಂದ 2008ರವರೆಗೆ ತಿಂಗಳಿಗೊಂದು ಸಲ ಹೆಂಗಸರ ಗುಂಪುಗಳನ್ನು ಸೇರಿಸಿತು. ನಡೆಸುತ್ತಿದ್ದವಳು ಅದೇ ಕಡೆಯ ಒಬ್ಬ ಹೆಂಗಸು, ಡಾಕ್ಟರೂ ಅಲ್ಲ ನರ್ಸೂ ಅಲ್ಲ. ಕೂತು ಹೆರಿಗೆ, ಮಗು, ತಾಯಿಯ ಕಷ್ಟಗಳ ಬಗ್ಗೆ ಮಾತಾಡಿ ಏನು ಮಾಡಬಹುದು ಅಂತ ತಾವೇ ತೀರ್ಮಾನಿಸುತ್ತಿದ್ದರು. ಗುಂಪು ಇಲ್ಲದ ಹಳ್ಳಿಗಳಿಗೆ ಹೋಲಿಸಿದರೆ ಆ ಮೂರು ವರ್ಷದಲ್ಲಿ ನವಜಾತ ಮಕ್ಕಳ ಸಾವು 32% ಕಡಿಮೆ ಇತ್ತು. ಮೂರನೇ ವರ್ಷಕ್ಕೆ ತಾಯಂದಿರಲ್ಲಿ ಮಧ್ಯಮ ಮಟ್ಟದ ಖಿನ್ನತೆ 57% ಕಡಿಮೆ ಕಂಡಿತು. ಔಷಧಿ ಹಂಚಿ ಆದದ್ದಲ್ಲ ಇದು. ಆ ಎರಡನೇ ಅಂಕಿಯನ್ನು ಓದಿದಾಗ ನನಗೆ ನಮ್ಮ ಹಳೆಯ ಜಗಲಿಗಳು ನೆನಪಾದವು.

ಮನಸ್ಸಿನ ವಿಷಯಕ್ಕೆ ಬಂದೆ. ಮೂರನೇ ನಾಲ್ಕನೇ ದಿನ ನಿಮ್ಮ ತಂಗಿ ಅಳುತ್ತಾಳೆ. ಕಾರಣ ಕೇಳಿದರೆ ಅವಳಿಗೇ ಗೊತ್ತಿರುವುದಿಲ್ಲ. ಹಾರ್ಮೋನು ಒಮ್ಮೆಲೇ ಇಳಿಯುತ್ತದೆ, ನಿದ್ದೆ ಇಲ್ಲ, ಮೈಯೆಲ್ಲ ನೋವು. ಅವಳಿಗೆ ಅಮ್ಮನ ನೆನಪೂ ಅದೇ ಹೊತ್ತಿಗೆ ಬರುತ್ತದೆ. ಆಗ "ಬಾಣಂತಿ ಅಳಬಾರದು, ಕಣ್ಣಿಗೆ ಕೆಟ್ಟದ್ದು" ಅನ್ನಬೇಡಿ. ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈ ಇಡಿ. ಅಮ್ಮನ ಬಗ್ಗೆ ಮಾತಾಡಿ, ಮಾತಾಡದೆ ಮುಚ್ಚಿಡಬೇಡಿ. ಈ ಅಳು ಎರಡು ವಾರದೊಳಗೆ ತಾನೇ ಇಳಿಯುತ್ತದೆ. ಎರಡು ವಾರ ದಾಟಿಯೂ ಮುಖದಲ್ಲಿ ಗೆಲುವಿಲ್ಲ, ಮಗುವನ್ನು ನೋಡಿದರೆ ಏನೂ ಅನ್ನಿಸುತ್ತಿಲ್ಲ ಅಂತಾಳೆ, ನಾನು ಒಳ್ಳೆ ತಾಯಿ ಅಲ್ಲ ಅಂತ ಪದೇ ಪದೇ ಹೇಳುತ್ತಾಳೆ, ಮಗು ಮಲಗಿದರೂ ಇವಳಿಗೆ ನಿದ್ದೆ ಬರುತ್ತಿಲ್ಲ ಅಂದರೆ ಅದು ಖಿನ್ನತೆ ಇರಬಹುದು. ಅಪರೂಪದ ಕಾಯಿಲೆ ಅಲ್ಲ. ಗೋವಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 23% ಬಾಣಂತಿಯರಲ್ಲಿ ಇದು ಕಂಡಿತ್ತು. ಬಡತನ, ಗಂಡನ ಹೊಡೆತ, ಇವುಗಳ ಜೊತೆ ಅಲ್ಲಿ ಕಂಡ ಇನ್ನೊಂದು ಕಾರಣ ಹುಟ್ಟಿದ್ದು ಹೆಣ್ಣು ಮಗು ಅನ್ನುವುದು. ಹಾಗಾಗಿ ನಿಮ್ಮ ಮನೆಯಲ್ಲಿ ಹೆಣ್ಣು ಹುಟ್ಟಿದರೆ, "ಹೋಗ್ಲಿ ಬಿಡು, ಮುಂದಿನ ಸಲ" ಅನ್ನುವ ಮಾತು ಯಾರ ಬಾಯಿಂದ ಬಂದರೂ ಅಲ್ಲೇ ನಿಲ್ಲಿಸಿ. ಆ ಮಾತು ಬಾಣಂತಿ ಕೋಣೆಯ ಗೋಡೆ ದಾಟುತ್ತದೆ.

14416 ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರು, ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬಾಣಂತಿ ರಾತ್ರಿಯಿಡೀ ಮಲಗದೆ, ಸಂಬಂಧವಿಲ್ಲದ ಮಾತಾಡುತ್ತಾ, ಯಾರೋ ಮಗುವಿಗೆ ಏನೋ ಮಾಡುತ್ತಾರೆ ಅಂತ ಹೆದರುತ್ತಾ, ಇಲ್ಲದ ಸದ್ದು ಕೇಳಿಸಿಕೊಳ್ಳುತ್ತಿದ್ದರೆ ಫೋನು ಸಾಲದು. ಸಾವಿರಕ್ಕೆ ಒಬ್ಬಿಬ್ಬರಿಗೆ ಆಗುವಂಥದ್ದು, ಹೆಚ್ಚಾಗಿ ಮೊದಲ ಎರಡು ವಾರದಲ್ಲೇ. ಗಾಳಿ ಸೋಂಕು ಅಂತ ತಾಯಿತ ಕಟ್ಟಿಸಿ ದಿನ ಕಳೆಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ, ತಾಯಿ ಮಗು ಇಬ್ಬರನ್ನೇ ಒಂದು ಕ್ಷಣವೂ ಬಿಡಬೇಡಿ. ಔಷಧಿಗೆ ಚೆನ್ನಾಗಿ ಗುಣವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಸೇರಿಸಿಕೊಳ್ಳುವ ವಾರ್ಡ್ ಇದೆ.

ಮೈಯಲ್ಲಿ ಕಾಣುವ ಅಪಾಯಗಳನ್ನು ಬೇಗ ಹೇಳಿಬಿಡುತ್ತೇನೆ, ಇದನ್ನು ಫ್ರಿಜ್ ಮೇಲೆ ಬರೆದು ಅಂಟಿಸಿ. ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ, 100.4 ಡಿಗ್ರಿ ದಾಟಿದ ಜ್ವರ, ಕೆಟ್ಟ ವಾಸನೆಯ ಸ್ರಾವ, ಬಿಡದ ತಲೆನೋವು, ಕಣ್ಣು ಮಂಜು, ಫಿಟ್ಸ್, ಒಂದೇ ಕಾಲಿನಲ್ಲಿ ಊತ ನೋವು, ಉಸಿರು ಕಟ್ಟುವುದು. ಮಗು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದೆ ಜೋಮು ಹಿಡಿದ ಹಾಗಿದ್ದರೆ, ಮೈ ತಣ್ಣಗೆ ಅಥವಾ ಸುಡುವಷ್ಟು ಬಿಸಿ ಇದ್ದರೆ, ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಉಸಿರಾಡುತ್ತಿದ್ದರೆ, ಅಂಗೈ ಅಂಗಾಲಿನವರೆಗೆ ಹಳದಿ ಬಂದಿದ್ದರೆ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯ ನಂಬರು ಈಗಲೇ ತೆಗೆದುಕೊಳ್ಳಿ. ಆಸ್ಪತ್ರೆ ಹೆರಿಗೆ ಆದವರ ಮನೆಗೆ ಅವರು 3, 7, 14, 21, 28 ಮತ್ತು 42ನೇ ದಿನ ಬರಬೇಕು. ಮಗುವಿನ ತೂಕ ನೋಡುತ್ತಾರೆ, ಉಸಿರು ಎಣಿಸುತ್ತಾರೆ. ಬಂದಾಗ ಬಾಗಿಲಲ್ಲೇ ರಿಜಿಸ್ಟರಿಗೆ ಸಹಿ ಹಾಕಿ ಕಳಿಸಬೇಡಿ. ಒಳಗೆ ಕರೆದು ಕಾಫಿ ಕೊಟ್ಟು ಕೂರಿಸಿ, ಮನಸ್ಸಿನಲ್ಲಿರುವ ಅನುಮಾನವೆಲ್ಲ ಕೇಳಿ. ಹತ್ತಾರು ಮನೆ ನೋಡಿದ ಕಣ್ಣು ಅವರದು.

ಇನ್ನೊಂದು ಮಾತು, ನಿಮಗೇ ಸೇರಿದ್ದು. ತಂಗಿಯ ಮಗು ನಿಮ್ಮ ಎದೆ ಮೇಲೆ ಮಲಗಿದ ರಾತ್ರಿ ನಿಮಗೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಸಂತೋಷವೇ ಆಗಬಹುದು, ಅಳುವೂ ಬರಬಹುದು, ಎರಡೂ ಒಟ್ಟಿಗೆ ಬರಬಹುದು. ಹಾಗಾದರೆ ತಪ್ಪು ಮಾಡಿದೆ ಅಂದುಕೊಳ್ಳಬೇಡಿ. ಹೊಟ್ಟೆಕಿಚ್ಚು ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಬಾಣಂತನ ಮಾಡುವವರನ್ನು ಹೇಗಿದ್ದೀಯಾ ಅಂತ ಕೇಳುವವರೇ ಇರುವುದಿಲ್ಲ. ಆ ಇಬ್ಬರು ಗೆಳತಿಯರಲ್ಲಿ ಯಾರ ಹತ್ತಿರ ಮನಸ್ಸು ಬಿಚ್ಚಬಹುದೋ ಅವರಿಗೆ ಮೊದಲೇ ಹೇಳಿಡಿ, ಸಾರಿನ ಡಬ್ಬಿ ಜೊತೆ ಹತ್ತು ನಿಮಿಷ ನನ್ನ ಹತ್ತಿರವೂ ಕೂತು ಹೋಗು ಅಂತ.

ಅಂಟಿನುಂಡೆಗೆ ಚಿಕ್ಕಮ್ಮನನ್ನು ಕರೆಸಿ. ಹೆರಿಗೆಗೆ ಎರಡು ವಾರ ಮುಂಚೆ, ತಂಗಿಯೂ ಕೂತು ನೋಡಲಿ. ತಿಪಟೂರು ನಿಮಗೆ ಹತ್ತಿರ, ಕೊಬ್ಬರಿ ಅಲ್ಲಿಯದೇ ತರಿಸಿ. ನಾಲ್ಕು ಗಿಟುಕು ತುರಿದು ಸಣ್ಣ ಉರಿಯಲ್ಲಿ ಘಮ್ಮೆನ್ನುವಷ್ಟು ಹುರಿಯಿರಿ, ಕೆಂಪಾಗಬಾರದು. ಬೀಜ ತೆಗೆದ ಒಣ ಖರ್ಜೂರ ಕಾಲು ಕೆಜಿ ಕುಟ್ಟಿಕೊಳ್ಳಿ, ಬಾದಾಮಿ, ಗೋಡಂಬಿ ಒಂದೊಂದು ಹಿಡಿ ತುಪ್ಪದಲ್ಲಿ ಹುರಿದು ಜಜ್ಜಿ. ಅಂಟನ್ನು, ನೂರು ಗ್ರಾಂ ಸಾಕು, ಕಾದ ತುಪ್ಪಕ್ಕೆ ಸ್ವಲ್ಪ ಸ್ವಲ್ಪವೇ ಹಾಕಿ. ಅರಳಿನ ಹಾಗೆ ಉಬ್ಬಬೇಕು, ಒಳಗೆ ಗಟ್ಟಿ ಉಳಿದರೆ ಹಲ್ಲಿಗೆ ಅಂಟುತ್ತದೆ. ಕಾಲು ಕೆಜಿ ಬೆಲ್ಲವನ್ನು ಒಂದು ಸೌಟು ನೀರಿನಲ್ಲಿ ಕರಗಿಸಿ, ಸೋಸಿ, ನೊರೆ ಬಂದು ಎಳೆ ಬರುವ ಮುಂಚೆಯೇ ಇಳಿಸಿ, ಎಲ್ಲ ಹಾಕಿ ಏಲಕ್ಕಿ ಪುಡಿ ಉದುರಿಸಿ ಬಿಸಿ ಇರುವಾಗಲೇ ಉಂಡೆ ಕಟ್ಟಿ. ತಂಗಿಗೆ ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಬಂದಿದ್ದರೆ ಡಾಕ್ಟರನ್ನು ಕೇಳಿ ಕೊಡಿ, ಇಲ್ಲದಿದ್ದರೆ ದಿನಕ್ಕೊಂದು, ಬೆಳಗ್ಗೆ ಹಾಲಿನ ಜೊತೆ. ಚಿಕ್ಕಮ್ಮ ಇನ್ನೇನಾದರೂ ಹಾಕಿ ಅಂದರೆ, ನಿಮ್ಮ ಅಮ್ಮ ಗಸಗಸೆ ಹಾಕುತ್ತಿದ್ದರೋ ಇಲ್ಲವೋ ಅದು ಅವರಿಗೇ ಗೊತ್ತು, ಅವರು ಹೇಳಿದ ಹಾಗೆ ಮಾಡಿ. ಈ ಸಲ ಬರೆದಿಟ್ಟುಕೊಳ್ಳಿ.